ಗೋಡೆಯಾಚೆಯ ಸಹಪಾಠಿ

ಸ್ಪೇನ್ ದೇಶದ ಬುರ್ಗೋಸ್ ಪ್ರಾಂತ್ಯದಲ್ಲಿ ಬಾನ್ಯುವೆಲೋಸ್ ದೆ ಬುರೇಬಾ ಎಂಬ ಪುಟ್ಟ ಹಳ್ಳಿಯೊಂದಿದೆ. 1934ರಲ್ಲಿ ಆ ಹಳ್ಳಿಯ ಶಾಲೆಗೆ ಆಂತೋನಿ ಬೆನಾಯ್ಗೆಸ್ ಎಂಬ ಯುವಕರೊಬ್ಬರು ಮೇಷ್ಟ್ರಾಗಿ ಬಂದರು. ಅವರು ಮೆಡಿಟರೇನಿಯನ್ ಕಡಲ ಮಗ್ಗುಲಿನ ಊರಿನವರು. ಶಾಲೆಯ ಮಕ್ಕಳೋ ಕಡಲನ್ನು ಒಮ್ಮೆಯೂ ಕಂಡವರಲ್ಲ. ಮೇಷ್ಟ್ರು ತಮ್ಮ ಸ್ವಂತ ಹಣದಿಂದ ಒಂದು ಗ್ರಾಮಫೋನನ್ನೂ ಒಂದು ಸಣ್ಣ ಅಚ್ಚಿನ ಯಂತ್ರವನ್ನೂ ಶಾಲೆಗೆ ತಂದರು. ಮಕ್ಕಳು ತಾವು ಕಂಡದ್ದನ್ನು, ಕೇಳಿದ್ದನ್ನು, ಅಂದುಕೊಂಡದ್ದನ್ನು ಬರೆದರು. ಅಚ್ಚಿನ ಮೊಳೆಗಳನ್ನು ತಾವೇ ಜೋಡಿಸಿ ಕಿರುಪುಸ್ತಕಗಳನ್ನು ಮಾಡಿದರು. 1936ರ ಜನವರಿಯಲ್ಲಿ ಹೊರಬಂದ ಒಂದು ಕಿರುಪುಸ್ತಕದ ವಿಷಯ ಕಡಲು. ಕಡಲನ್ನೆಂದೂ ಕಾಣದ ಮಕ್ಕಳು ಅದನ್ನು ಹೇಗೆಲ್ಲ ಊಹಿಸಿಕೊಂಡಿದ್ದಾರೆಂಬುದು ಅದರಲ್ಲಿತ್ತು. ಬರುವ ಬೇಸಿಗೆ ರಜೆಯಲ್ಲಿ ನಿಮ್ಮನ್ನು ಕಡಲಿಗೆ ಕರೆದೊಯ್ಯುತ್ತೇನೆಂದು ಮೇಷ್ಟ್ರು ಮಾತು ಕೊಟ್ಟರು. ಆದರೆ ಆ ವರ್ಷದ ಜುಲೈನಲ್ಲಿ ಸ್ಪೇನ್‌ನಲ್ಲಿ ಸೇನಾ ದಂಗೆಯಾಯಿತು. ಅದೇ ತಿಂಗಳು ಫಲಾಂಜಿಸ್ಟರು ಮೇಷ್ಟ್ರನ್ನು ಹಿಡಿದು ಕೊಂದುಹಾಕಿದರು. ಮಕ್ಕಳು ಕಡಲಿಗೆ ಹೋಗಲಿಲ್ಲ.

ಹಲವು ದಶಕ ಈ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. 2010ರಲ್ಲಿ ಲಾ ಪೆದ್ರಾಹಾ ಎಂಬಲ್ಲಿನ ಸಾಮೂಹಿಕ ಗೋರಿಯನ್ನು ಅಗೆದಾಗ ಮೇಷ್ಟ್ರ ಕಥೆ ಮತ್ತೆ ಬೆಳಕಿಗೆ ಬಂತು. 2023ರಲ್ಲಿ ಅವರ ಕುರಿತು ಚಲನಚಿತ್ರವೂ ಬಂತು.

ಅವರು ಎಡಪಂಥೀಯ ವಿಚಾರದವರಾಗಿದ್ದರು, ಅದಕ್ಕೇ ಕೊಂದರು ಎಂದು ಹೇಳಿ ಮುಗಿಸಿಬಿಡಬಹುದು. ಅದು ಸುಳ್ಳೇನಲ್ಲ. ಆದರೆ ಇನ್ನೊಂದು ಸಂಗತಿಯೂ ಇದೆ. ಆ ಮಕ್ಕಳ ಪುಸ್ತಕಗಳು ಶಾಲೆಯ ಕಪಾಟಿನಲ್ಲಿ ಉಳಿಯಲಿಲ್ಲ. ಅಂಚೆಯ ಮೂಲಕ ಅದೇ ಬಗೆಯ ಬೇರೆ ಶಾಲೆಗಳಿಗೆ ಹೋಗುತ್ತಿದ್ದವು. ಅಲ್ಲಿಂದಲೂ ಪುಸ್ತಕಗಳು ಬರುತ್ತಿದ್ದವು. ಒಬ್ಬಂಟಿ ಮೇಷ್ಟ್ರನ್ನು ಊರಿನ ಯಜಮಾನರು ಹೇಗಾದರೂ ಹತೋಟಿಯಲ್ಲಿಟ್ಟುಕೊಳ್ಳಬಲ್ಲರು. ಇತರ ಊರಿನ ಮೇಷ್ಟ್ರುಗಳೊಂದಿಗೆ ಸೇರಿಕೊಂಡವನನ್ನು ಹಾಗೆ ಹಿಡಿದಿಡುವುದು ಕಷ್ಟ. ಹಾಗಾದರೆ ಶಿಕ್ಷಕ ಯಾರಿಗೆ ಸೇರಿದವನು? ಸಂಬಳ ಕೊಡುವ ಸರಕಾರಕ್ಕೋ, ಹುಟ್ಟಿದ ಜನಾಂಗಕ್ಕೋ, ಗಡಿಯಾಚೆಗೂ ಇರುವ ತನ್ನ ಕಸುಬಿನವರಿಗೋ? ಯುರೋಪಿನ ಶಿಕ್ಷಕರು ಕಳೆದ ಒಂದು ಶತಮಾನದಲ್ಲಿ ಕಟ್ಟಿಕೊಂಡ ಬಳಗಗಳ ಚರಿತ್ರೆಯನ್ನು ಓದುವಾಗಲೆಲ್ಲ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ.

ಇಲ್ಲಿ ಒಂದು ಶಬ್ದವನ್ನು ನೆನೆಯಬೇಕೆನಿಸುತ್ತದೆ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಆಮೇಲೆ ಕನ್ನಡ ಶಾಲೆಗೆ ಬಂದ ನಮಗೆ 'ಜಮಾತ್' ಎಂದರೆ ಮೊದಲು ತರಗತಿ. ಪೆಹಲಿ ಜಮಾತ್, ದೂಸರಿ ಜಮಾತ್ ಎಂದು ಎಣಿಸುತ್ತಲೇ ನಾವು ದೊಡ್ಡವರಾದದ್ದು. ಅದೇ ಶಬ್ದಕ್ಕೆ ಕೂಟ, ಸಮುದಾಯ ಎಂಬ ಅರ್ಥವೂ ಇದೆಯೆಂದು ತಿಳಿದದ್ದು ಆನಂತರ. ಒಂದೇ ತರಗತಿಯಲ್ಲಿ ಕೂತವರು 'ಹಮ್‌ಜಮಾತ್'. ಕನ್ನಡದಲ್ಲಿ ಸಹಪಾಠಿ ಎನ್ನುತ್ತೇವೆ. ಶಿಕ್ಷಕರ ಸಂಘ ಎಂದ ಕೂಡಲೇ ನಮಗೆ ವೇತನ ಆಯೋಗ, ವರ್ಗಾವಣೆ, ಮುಷ್ಕರ ನೆನಪಾಗುತ್ತವೆ. ಅವೂ ಬೇಕು. ಆದರೆ ಒಬ್ಬ ಶಿಕ್ಷಕ ಇನ್ನೊಬ್ಬ ಶಿಕ್ಷಕನಿಗೆ ಸಹಪಾಠಿಯಾಗುವುದು ಬೇರೆಯೇ ಸಂಗತಿ. ಹಾಗಾಗಬೇಕಾದರೆ ಮೊದಲು ತನಗೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳಬೇಕು. ದಿನವಿಡೀ 'ಗೊತ್ತಿದೆ' ಎಂಬಂತೆ ಮಕ್ಕಳ ಮುಂದೆ ನಿಲ್ಲುವವರಿಗೆ ಇದು ಸುಲಭವಲ್ಲ.

ಬೆನಾಯ್ಗೆಸ್ ಅವರು ಅಚ್ಚಿನ ಯಂತ್ರವನ್ನು ಶಾಲೆಗೆ ತರಲು ಪ್ರೇರಣೆಯಾದವರು ಫ್ರಾನ್ಸ್ ದೇಶದ ಸೆಲೆಸ್ತಾಂ ಫ್ರೆನೆ. ಮೊದಲ ಮಹಾಯುದ್ಧದಲ್ಲಿ ಅವರ ಶ್ವಾಸಕೋಶಕ್ಕೆ ಗಾಯವಾಗಿತ್ತು. 1920ರಲ್ಲಿ ಬಾರ್-ಸುರ್-ಲೂ ಎಂಬ ಹಳ್ಳಿಯಲ್ಲಿ ಮೇಷ್ಟ್ರಾದಾಗ ಹೆಚ್ಚು ಹೊತ್ತು ಗಟ್ಟಿಯಾಗಿ ಮಾತಾಡಲು ಅವರಿಗೆ ಆಗುತ್ತಿರಲಿಲ್ಲ. ಮೇಷ್ಟ್ರು ಮಾತು ಕಡಿಮೆ ಮಾಡಿದರೆ ಮಕ್ಕಳ ಮಾತಿಗೆ ಜಾಗ ಸಿಗುತ್ತದೆ. ಮಕ್ಕಳನ್ನು ಹೊಲ, ಕಮ್ಮಾರಸಾಲೆ, ನದಿದಂಡೆಗೆ ಕರೆದೊಯ್ದರು. ಬಂದ ಮೇಲೆ ಬರೆಸಿದರು, ಬರೆದದ್ದನ್ನು ಅಚ್ಚು ಹಾಕಿಸಿದರು. 1920ರ ದಶಕದ ನಡುವೆ, ದೇಶದ ಇನ್ನೊಂದು ತುದಿಯ ಬ್ರಿಟನಿಯಲ್ಲಿದ್ದ ರೆನೆ ದಾನಿಯೆಲ್ ಎಂಬ ಮೇಷ್ಟ್ರ ಶಾಲೆಯೊಂದಿಗೆ ಈ ಪುಟಗಳ ವಿನಿಮಯ ಆರಂಭವಾಯಿತು. ತೆಂಕಣದ ಗುಡ್ಡದ ಮಕ್ಕಳೂ ಪಡುವಣ ಕಡಲತೀರದ ಮಕ್ಕಳೂ ಒಬ್ಬರ ಬದುಕನ್ನು ಇನ್ನೊಬ್ಬರು ಓದಿದರು. ಪುಸ್ತಕಗಳ ಜೊತೆ ತಮ್ಮ ತಮ್ಮ ಊರಿನ ವಸ್ತುಗಳ ಪೊಟ್ಟಣಗಳೂ ಹೋಗಿಬಂದವು.

ಮಕ್ಕಳ ಹಿಂದೆಯೇ ಮೇಷ್ಟ್ರುಗಳೂ ಹತ್ತಿರವಾದರು. 1927ರಲ್ಲಿ ತೂರ್ ನಗರದಲ್ಲಿ ಈ ಮೇಷ್ಟ್ರುಗಳ ಮೊದಲ ಸಮ್ಮೇಳನ ನಡೆಯಿತು. ಸಹಕಾರ ಸಂಘವೊಂದು ಹುಟ್ಟಿತು. ಅವರಲ್ಲಿ 'ತಿರುಗುವ ಪುಸ್ತಕ'ದ ಪದ್ಧತಿಯೊಂದು ಬಳಕೆಗೆ ಬಂತು. ಒಬ್ಬ ಮೇಷ್ಟ್ರು ತನ್ನ ತರಗತಿಯಲ್ಲಿ ಎದುರಾದ ತೊಡಕನ್ನು ಒಂದು ನೋಟುಬುಕ್ಕಿನಲ್ಲಿ ಬರೆದು ಅಂಚೆಗೆ ಹಾಕುವನು. ಮುಂದಿನ ಊರಿನ ಮೇಷ್ಟ್ರು ಅದನ್ನೋದಿ ತನ್ನ ಅನುಭವ ಸೇರಿಸಿ ಮತ್ತೊಂದು ಊರಿಗೆ ಕಳುಹಿಸುವನು. ಹಾಗೆ ಸುತ್ತು ಹಾಕಿ ಪುಸ್ತಕ ಮರಳಿ ಬರುವಷ್ಟರಲ್ಲಿ ಹಲವರ ಅಕ್ಷರ ಅದರಲ್ಲಿರುತ್ತಿತ್ತು. ತನ್ನ ತಪ್ಪನ್ನು ತನ್ನದೇ ಕೈಬರಹದಲ್ಲಿ ಬರೆದು, ಇನ್ನೊಬ್ಬ ಓದಲಿ ಎಂದು ಕಳುಹಿಸುವ ಧೈರ್ಯ ಎಷ್ಟು ಜನರಿಗಿದೆ? ಮೇಲಧಿಕಾರಿ ತಪಾಸಣೆಗೆ ಬಂದಾಗ ತಪ್ಪನ್ನು ಮುಚ್ಚಿಡುವುದು ನಮಗೆಲ್ಲ ರೂಢಿ. ತಪ್ಪನ್ನು ತೆರೆದಿಡಲು ಅಧಿಕಾರಿಯಲ್ಲದ, ಸಮಾನನಾದ ಒಬ್ಬ ಓದುಗ ಬೇಕು.

ಫ್ರೆನೆ ಅವರಿಗೂ ಸುಖವಿರಲಿಲ್ಲ. ಸೇಂಟ್-ಪಾಲ್ ಎಂಬ ಊರಿನಲ್ಲಿದ್ದಾಗ ಬಲಪಂಥೀಯರ ವಿರೋಧ ಎಷ್ಟು ಬೆಳೆಯಿತೆಂದರೆ 1933ರಲ್ಲಿ ಅವರು ಆ ಶಾಲೆಯನ್ನೇ ಬಿಡಬೇಕಾಯಿತು. 1935ರಲ್ಲಿ ವಾನ್ಸ್ ಎಂಬಲ್ಲಿ ತಮ್ಮದೇ ಶಾಲೆ ತೆರೆದರು. 1940ರಲ್ಲಿ ಬಂಧಿಸಿ ಶಿಬಿರಗಳಲ್ಲಿ ಇಡಲಾಯಿತು. ಅವರು ಬದುಕುಳಿದರು, ಬಳಗವೂ ಉಳಿಯಿತು. ಇಟಲಿಯಲ್ಲಿ 1951ರಲ್ಲಿ ಇದೇ ಜಾಡಿನ ಸಹಕಾರಿ ಶಿಕ್ಷಣ ಚಳವಳಿ ಹುಟ್ಟಿತು. 1957ರಲ್ಲಿ ಹಲವು ದೇಶಗಳ ಇಂಥ ಬಳಗಗಳು ಒಂದು ಅಂತಾರಾಷ್ಟ್ರೀಯ ಒಕ್ಕೂಟವನ್ನೇ ಕಟ್ಟಿಕೊಂಡವು.

ಇಟಲಿಯ ಒಂದು ಪ್ರಸಂಗವನ್ನು ಹೇಳಲೇಬೇಕು. ಟಸ್ಕನಿಯ ಬೆಟ್ಟದ ಮೇಲಿನ ಬಾರ್ಬಿಯಾನಾ ಎಂಬ ಕುಗ್ರಾಮದಲ್ಲಿ ದೋನ್ ಲೊರೆಂಜೊ ಮಿಲಾನಿ ಎಂಬ ಪಾದ್ರಿ, ಸರಕಾರಿ ಶಾಲೆ ನಪಾಸು ಮಾಡಿ ಹೊರಹಾಕಿದ ಬಡವರ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಸಹಕಾರಿ ಚಳವಳಿಯ ಮಾರಿಯೋ ಲೋದಿ ಎಂಬ ಮೇಷ್ಟ್ರು 1963ರಲ್ಲಿ ಅಲ್ಲಿಗೆ ಹೋದರು. ಒಬ್ಬರು ಧರ್ಮಗುರು, ಇನ್ನೊಬ್ಬರು ಸರಕಾರಿ ಶಾಲೆಯ ಮೇಷ್ಟ್ರು. ಹಟಕ್ಕೆ ಬಿದ್ದಿದ್ದರೆ ಜಗಳಕ್ಕೆ ಬೇಕಾದಷ್ಟು ವಿಷಯವಿತ್ತು. ಆದರೆ ಇಬ್ಬರ ಶಾಲೆಯ ಮಕ್ಕಳೂ ಪರಸ್ಪರ ಪತ್ರ ಬರೆಯತೊಡಗಿದರು. ಎಲ್ಲರೂ ಕೂಡಿ ಒಂದೇ ಪತ್ರವನ್ನು ಬರೆಯುವ ಕ್ರಮ ಬಾರ್ಬಿಯಾನಾದಲ್ಲಿ ಬೇರೂರಿತು. ಪ್ರತಿಯೊಬ್ಬನೂ ತನ್ನ ವಿಚಾರವನ್ನು ಚೀಟಿಯಲ್ಲಿ ಬರೆಯುವುದು, ಚೀಟಿಗಳನ್ನು ಮೇಜಿನ ಮೇಲೆ ಹರಡಿ ಹೊಂದಿಸುವುದು, ಬೇಡದ್ದನ್ನು ಕಿತ್ತುಹಾಕುವುದು. ಹಾಗೆ ಬರೆದದ್ದೇ 1967ರಲ್ಲಿ ಪ್ರಕಟವಾದ, ಒಬ್ಬ ಶಿಕ್ಷಕಿಯನ್ನು ಉದ್ದೇಶಿಸಿದ ಆ ಮಕ್ಕಳ ಪತ್ರರೂಪದ ಪುಸ್ತಕ. ಇಟಲಿಯ ಶಾಲೆಗಳು ಬಡವರನ್ನು ಹೇಗೆ ಜರಡಿ ಹಿಡಿದು ಹೊರಚೆಲ್ಲುತ್ತವೆ ಎಂಬುದನ್ನು ಅದು ಇಡೀ ದೇಶದ ಮುಂದಿಟ್ಟಿತು. ಇಬ್ಬರು ಮೇಷ್ಟ್ರುಗಳ ಭೇಟಿಯಿಂದ ಹುಟ್ಟಿದ ಕ್ರಮವೊಂದು ಎಲ್ಲಿಯವರೆಗೆ ಹೋಯಿತು ನೋಡಿ.

ಇದೆಲ್ಲ ಸರಕಾರಗಳ ಹೊರಗೆ, ಕೆಲವೊಮ್ಮೆ ಸರಕಾರಗಳ ವಿರುದ್ಧ ನಡೆದದ್ದು. ಈಗ ಕಾಲ ಬದಲಾಗಿದೆ. ಯುರೋಪಿನ ಒಕ್ಕೂಟವೇ ಶಿಕ್ಷಕರನ್ನು ಜೋಡಿಸುವ ಕೆಲಸಕ್ಕೆ ಹಣ ಕೊಡುತ್ತಿದೆ. 1987ರಲ್ಲಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗಾಗಿ ಎರಾಸ್ಮಸ್ ಯೋಜನೆ ಬಂತು. 1995ರಲ್ಲಿ ಶಾಲೆಗಳಿಗಾಗಿ ಕೊಮೇನಿಯಸ್ ಯೋಜನೆ ಬಂತು. 2005ರ ಜನವರಿಯಲ್ಲಿ ಇ-ಟ್ವಿನಿಂಗ್ ಆರಂಭವಾಯಿತು. ಬೇರೆ ಬೇರೆ ದೇಶಗಳ ಇಬ್ಬರು ಶಿಕ್ಷಕರು ಕಂಪ್ಯೂಟರ್ ಮೂಲಕ ಪರಿಚಯವಾಗಿ, ಒಂದು ಪಾಠಯೋಜನೆಯನ್ನು ನೋಂದಾಯಿಸಿ, ತಮ್ಮ ತಮ್ಮ ಮಕ್ಕಳನ್ನು ಸೇರಿಸಿ ಕಲಿಸುವ ಏರ್ಪಾಡು ಅದು. ಫಿನ್ಲೆಂಡಿನ ಶಿಕ್ಷಕಿ ಸಿಸಿಲಿಯ ಶಿಕ್ಷಕನೊಂದಿಗೆ ಕೂಡಿ ಹವಾಮಾನದ ಪಾಠ ಮಾಡಬಹುದು. ಈವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರು ಅದರಲ್ಲಿ ಹೆಸರು ನೋಂದಾಯಿಸಿದ್ದಾರೆ. ತಿರುಗುವ ಪುಸ್ತಕದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ನೆಗೆತವೇ ಸರಿ.

ಆ ಯೋಜನೆಗೆ ಕೊಮೇನಿಯಸ್ ಹೆಸರಿಟ್ಟದ್ದು ಯೋಗ್ಯವಾದುದು. 1592ರಲ್ಲಿ ಮೊರಾವಿಯಾದಲ್ಲಿ ಹುಟ್ಟಿದ ಆತ, ಗಂಡು ಹೆಣ್ಣು ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಎಲ್ಲವನ್ನೂ ಕಲಿಸಬೇಕೆಂದ ಗುರು. ಧರ್ಮಯುದ್ಧಗಳ ಕಾಲದಲ್ಲಿ 1628ರಲ್ಲಿ ದೇಶ ಬಿಟ್ಟ. ಆಶ್ರಯ ಪಡೆದ ಪೋಲೆಂಡಿನ ಲೆಶ್ನೋ ನಗರ 1656ರಲ್ಲಿ ಸುಟ್ಟುಹೋದಾಗ ಅವನ ಹಸ್ತಪ್ರತಿಗಳೂ ಬೂದಿಯಾದವು. 1668ರಲ್ಲಿ ಪ್ರಕಟವಾದ ಒಂದು ಕೃತಿಯಲ್ಲಿ ದೇಶದೇಶಗಳ ವಿದ್ವಾಂಸರು ಒಂದು ಕೂಟವಾಗಿ ಬೆಳಕನ್ನು ಹಂಚಿಕೊಳ್ಳಬೇಕೆಂದು ಕೇಳಿಕೊಂಡ. 1670ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ನಿರಾಶ್ರಿತನಾಗಿಯೇ ಕಣ್ಮುಚ್ಚಿದ. ಮನೆ ಕಳೆದುಕೊಂಡವನೇ ಎಲ್ಲರಿಗೂ ಒಂದು ಮನೆ ಇರಲಿ ಎಂದು ಬಯಸಿದ.

ಆದರೂ ನಮ್ಮ ಮನಸ್ಸಿನಲ್ಲಿ ಒಂದು ಸಂಶಯ ಉಳಿಯುತ್ತದೆ. ದೂರದವರೊಂದಿಗೆ ಸ್ನೇಹ ಮಾಡುವುದು ಸುಲಭವಲ್ಲವೇ? ಸಾವಿರಾರು ಮೈಲಿ ಆಚೆಗಿರುವವನೊಂದಿಗೆ ನಮಗೆ ಹೊಲದ ಬದುವಿನ ವ್ಯಾಜ್ಯವಿಲ್ಲ, ಹಳೆಯ ರಕ್ತದ ಲೆಕ್ಕವಿಲ್ಲ. ಅವನ ಹಬ್ಬ, ಅವನ ಊಟ, ಅವನ ಹಾಡು ನಮಗೆ ಚೆಂದವಾಗಿಯೇ ಕಾಣುತ್ತವೆ. ಪಕ್ಕದ ಮನೆಯವನ ಹಬ್ಬದ ಸದ್ದು ಮಾತ್ರ ತಲೆನೋವು. ಶಿಕ್ಷಕರ ಬಳಗಕ್ಕೂ ಈ ಮಾತು ಅನ್ವಯಿಸುತ್ತದೆ.

ಬೋಸ್ನಿಯಾದ ಕಡೆ ನೋಡೋಣ. 1995ರ ಡೇಟನ್ ಒಪ್ಪಂದದಿಂದ ಅಲ್ಲಿ ಯುದ್ಧ ನಿಂತಿತು. ಓಡಿಹೋಗಿದ್ದ ಕುಟುಂಬಗಳು ಊರಿಗೆ ಮರಳತೊಡಗಿದಾಗ ಅವರ ಮಕ್ಕಳಿಗೆ ಶಾಲೆ ಬೇಕಾಯಿತು. ಕ್ರೊಯೇಟರೂ ಬೋಸ್ನಿಯಾಕ್ ಮುಸ್ಲಿಮರೂ ಇರುವ ಊರುಗಳಲ್ಲಿ ತಾತ್ಕಾಲಿಕ ಪರಿಹಾರವೆಂದು ಒಂದು ಏರ್ಪಾಡು ಮಾಡಿದರು. ಅದರ ಹೆಸರೇ 'ಒಂದು ಸೂರಿನಡಿ ಎರಡು ಶಾಲೆ'. ಕಟ್ಟಡ ಒಂದೇ, ಮುಖ್ಯೋಪಾಧ್ಯಾಯರು ಇಬ್ಬರು. ಪಠ್ಯ ಬೇರೆ, ಶಿಕ್ಷಕರ ಕೊಠಡಿ ಬೇರೆ. ಕೆಲವೆಡೆ ಬಾಗಿಲೂ ಬೇರೆ, ಇನ್ನು ಕೆಲವೆಡೆ ಪಾಳಿಯೂ ಬೇರೆ. ಎರಡೂ ಕಡೆಯ ಮಕ್ಕಳ ಮಾತು ಪರಸ್ಪರ ಅರ್ಥವಾಗುತ್ತದೆ, ಭಾಷೆಯ ಹೆಸರು ಮಾತ್ರ ಬೇರೆ. ಇಂಥ ಶಾಲೆಗಳು ಐವತ್ತಕ್ಕೂ ಹೆಚ್ಚಿದ್ದವು. ತಾತ್ಕಾಲಿಕವೆಂದದ್ದು ಎರಡು ದಶಕ ಕಳೆದರೂ ಹೋಗಲಿಲ್ಲ. 2014ರಲ್ಲಿ ಅಲ್ಲಿನ ಫೆಡರೇಷನ್ನಿನ ಸರ್ವೋಚ್ಚ ನ್ಯಾಯಾಲಯ ಎರಡು ಊರುಗಳ ಇಂಥ ಶಾಲೆಗಳ ವಿಷಯದಲ್ಲಿ ಇದು ತಾರತಮ್ಯವೆಂದು ತೀರ್ಪಿತ್ತಿತು. ತೀರ್ಪು ಬಂದರೂ ಗೋಡೆ ಬೀಳಲಿಲ್ಲ.

ಕಲ್ಪಿಸಿಕೊಳ್ಳಿ. ಅಂಥ ಶಾಲೆಯ ಒಬ್ಬ ಶಿಕ್ಷಕಿ ಸಂಜೆ ಕಂಪ್ಯೂಟರ್ ಮುಂದೆ ಕೂತು ಪೋರ್ಚುಗಲ್ ದೇಶದ ಶಿಕ್ಷಕಿಯೊಂದಿಗೆ 'ವೈವಿಧ್ಯದಲ್ಲಿ ಏಕತೆ' ಎಂಬ ಪಾಠಯೋಜನೆ ಮಾಡಬಹುದು. ಅದಕ್ಕೆ ಪ್ರಶಸ್ತಿಪತ್ರವೂ ಬರಬಹುದು. ಬೆಳಿಗ್ಗೆ ಶಾಲೆಗೆ ಬಂದಾಗ ಮೊಗಸಾಲೆಯಾಚೆ ಅದೇ ವಿಷಯವನ್ನು ಕಲಿಸುವ ಇನ್ನೊಬ್ಬ ಶಿಕ್ಷಕಿ ಎದುರಾದರೆ ತಲೆತಗ್ಗಿಸಿ ಮುಂದೆ ಹೋಗಬಹುದು. ಹಾಗೆ ಹೋದವಳನ್ನು ನಾವು ಕಪಟಿ ಎನ್ನುವುದಿಲ್ಲ. ಅವಳ ಸಂಬಳ ಅವಳ ಪ್ರಾಂತ್ಯದ ಸರಕಾರದಿಂದ ಬರುತ್ತದೆ. ಎರಡು ಶಾಲೆ ಒಂದಾದರೆ ಹುದ್ದೆಗಳೂ ಕಡಿಮೆಯಾಗುತ್ತವೆ. ಮೊಗಸಾಲೆಯಾಚೆಯವಳೊಂದಿಗೆ ಚಹಾ ಕುಡಿದರೆ ಊರಿನಲ್ಲಿ ಮಾತಾಗುತ್ತದೆ. ಪೋರ್ಚುಗಲ್‌ನವಳೊಂದಿಗೆ ಎಷ್ಟು ಮಾತಾಡಿದರೂ ಯಾರೂ ಕೇಳುವುದಿಲ್ಲ. ಆದ್ದರಿಂದ ಬಳಗದ ಬೆಲೆಯನ್ನು ಅದು ಎಷ್ಟು ದೂರ ಹಬ್ಬಿದೆ ಎಂಬುದರಿಂದ ಅಳೆಯಲಾಗದು. ತೀರ ಹತ್ತಿರದ ಗೋಡೆಯನ್ನು ಅದು ದಾಟಿದೆಯೇ ಎಂದು ನೋಡಬೇಕಾಗುತ್ತದೆ.

ಯೈತ್ಸೆ ಎಂಬ ಊರಿನಲ್ಲಿ ಈ ಗೋಡೆಯ ವಿರುದ್ಧ ಮೊದಲು ಬೀದಿಗಿಳಿದವರು ಹಿರಿಯರಲ್ಲ, ಪ್ರೌಢಶಾಲೆಯ ಮಕ್ಕಳು. ಒಂದಾಗಿ ಓದುತ್ತಿದ್ದ ತಮ್ಮನ್ನು ಬೇರ್ಪಡಿಸಿ ಬೋಸ್ನಿಯಾಕರಿಗೆ ಪ್ರತ್ಯೇಕ ಶಾಲೆ ತೆರೆಯುವ ಯೋಜನೆಯನ್ನು ಅವರು 2016-17ರಲ್ಲಿ ವಿರೋಧಿಸಿದರು. ಯೋಜನೆಯನ್ನು ಕೈಬಿಡಲಾಯಿತು. 2018ರಲ್ಲಿ ಅವರಿಗೆ ಮಾಕ್ಸ್ ವಾನ್ ಡೆರ್ ಸ್ಟೂಲ್ ಪ್ರಶಸ್ತಿ ಬಂತು. ಶಿಕ್ಷಕರು ಕಲಿಸಬೇಕಾದ ಪಾಠವನ್ನು ಮಕ್ಕಳೇ ಕಲಿಸಿದರೆಂದು ಹೇಳಬೇಕಾಗುತ್ತದೆ.

ಹಾಗೆಂದು ಹತ್ತಿರದ ಗೋಡೆಯನ್ನು ದಾಟಿದ ಶಿಕ್ಷಕರೇ ಇಲ್ಲವೆಂದಲ್ಲ. ಬಾಲ್ಕನ್ ಪ್ರದೇಶದ ಇತಿಹಾಸ ಶಿಕ್ಷಕರದು ಅಂಥ ಒಂದು ಪ್ರಯತ್ನ. 1998ರಲ್ಲಿ ಗ್ರೀಸ್‌ನ ಥೆಸಲೊನಿಕಿಯಲ್ಲಿ ಆಗ್ನೇಯ ಯುರೋಪಿನ ಪ್ರಜಾಪ್ರಭುತ್ವ ಮತ್ತು ಸಾಮರಸ್ಯದ ಕೇಂದ್ರ ಸ್ಥಾಪನೆಯಾಯಿತು. ಅದು ಕೈಗೊಂಡ ಜಂಟಿ ಇತಿಹಾಸ ಯೋಜನೆಯಲ್ಲಿ ಒಂದು ಕಾಲಕ್ಕೆ ಪರಸ್ಪರ ಹೋರಾಡಿದ ದೇಶಗಳ ಇತಿಹಾಸಕಾರರೂ ಶಿಕ್ಷಕರೂ ಕೂಡಿ ಕೂತರು. 2005ರಲ್ಲಿ ನಾಲ್ಕು ಪುಸ್ತಕಗಳು ಬಂದವು. ಉಸ್ಮಾನಿ ಸಾಮ್ರಾಜ್ಯ, ರಾಷ್ಟ್ರಗಳ ಉದಯ, ಬಾಲ್ಕನ್ ಯುದ್ಧಗಳು, ಎರಡನೇ ಮಹಾಯುದ್ಧ. ಆಮೇಲೆ ಅವು ಆ ಪ್ರದೇಶದ ಹಲವು ಭಾಷೆಗಳಿಗೆ ಅನುವಾದವಾದವು. ಅವುಗಳನ್ನು ತರಗತಿಯಲ್ಲಿ ಬಳಸುವ ಬಗೆಯನ್ನು ಶಿಕ್ಷಕರು ಕಮ್ಮಟಗಳಲ್ಲಿ ಕಲಿತರು. ಈ ಪುಸ್ತಕಗಳು ಒಂದೇ ಕಥೆಯನ್ನು ಹೇಳುವುದಿಲ್ಲ. ಒಂದು ಘಟನೆಯ ಬಗ್ಗೆ ಬೇರೆ ಬೇರೆ ಕಡೆಯವರು ಬರೆದ ಪತ್ರ, ಆಜ್ಞೆ, ದಿನಚರಿ, ವರದಿಗಳನ್ನು ಪಕ್ಕಪಕ್ಕದಲ್ಲಿ ಇಡುತ್ತವೆ. ಇವುಗಳನ್ನು ಓದಿ ನಿಮಗೇನನಿಸುತ್ತದೆ ಎಂದು ಮಕ್ಕಳನ್ನು ಕೇಳುತ್ತವೆ.

ಇಲ್ಲಿ ನಾವು ನಮ್ಮ ಮಾತನ್ನೂ ಹೇಳಬೇಕು. ಉಸ್ಮಾನಿಯಾ ಸಲ್ತನತ್ ಎಂಬ ಹೆಸರು ಕೇಳಿದೊಡನೆ ನಮ್ಮ ಮನಸ್ಸಿನಲ್ಲಿ ಗುಮ್ಮಟಗಳೂ ಮಿನಾರುಗಳೂ ಏಳುತ್ತವೆ. 1919ರಿಂದ 1924ರವರೆಗೆ ಹಿಂದೂಸ್ತಾನದ ಮುಸ್ಲಿಮರು, ಅವರೊಂದಿಗೆ ಗಾಂಧೀಜಿಯೂ, ಆ ಖಲೀಫನ ಪರವಾಗಿ ಚಳವಳಿ ಮಾಡಿದ್ದರು. ಆ ಕಾಲದ ಹಿರಿಯರ ಅಭಿಮಾನ ಉರ್ದು ಕಲಿತ ನಮ್ಮವರೆಗೂ ಹರಿದುಬಂದಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ಕಥೆಯಲ್ಲಿ ಒಬ್ಬ ಸರ್ಬಿಯಾದ ತಾಯಿ ಇರಲಿಲ್ಲ.

ಬೋಸ್ನಿಯಾದ ವಿಶೆಗ್ರಾದ್ ಊರಿನಲ್ಲಿ ದ್ರಿನಾ ನದಿಗೆ ಅಡ್ಡಲಾಗಿ ಒಂದು ಕಲ್ಲಿನ ಸೇತುವೆಯಿದೆ. 1577ರಲ್ಲಿ ಮುಗಿದ ಆ ಸೇತುವೆಯ ಶಿಲ್ಪಿ ಮಿಮಾರ್ ಸಿನಾನ್. ಕಟ್ಟಿಸಿದವರು ವಜೀರೆ ಆಜಮ್ ಮೆಹ್ಮದ್ ಪಾಷಾ ಸೊಕೊಲೊವಿಚ್. ಪಾಷಾ ಹುಟ್ಟಿದ್ದು ಅದೇ ಸೀಮೆಯ ಸರ್ಬ್ ಕ್ರೈಸ್ತ ಕುಟುಂಬದಲ್ಲಿ. ಹುಡುಗನಾಗಿದ್ದಾಗ 'ದೇವ್‌ಶಿರ್ಮೆ' ಪದ್ಧತಿಯಂತೆ ಸುಲ್ತಾನನ ಆಳುಗಳು ಅವನನ್ನು ಮನೆಯಿಂದ ಒಯ್ದರು. ಕ್ರೈಸ್ತ ಕುಟುಂಬಗಳ ಹುಡುಗರನ್ನು ಆಯ್ದು ತಂದು, ಮತಾಂತರಿಸಿ, ಸೈನ್ಯಕ್ಕೂ ಆಡಳಿತಕ್ಕೂ ತಯಾರು ಮಾಡುವ ಪದ್ಧತಿ ಅದು. ಸಾಮಾನ್ಯನ ಮಗ ಸಾಮ್ರಾಜ್ಯದ ವಜೀರನಾದ, ಹುಟ್ಟೂರಿಗೆ ಸೇತುವೆ ಕಟ್ಟಿಸಿದ ಎಂಬುದು ಒಂದು ಕಥೆ. ತಾಯಿಯ ಮಡಿಲಿನಿಂದ ಮಗನನ್ನು ಕಿತ್ತುಕೊಂಡರು ಎಂಬುದು ಇನ್ನೊಂದು. ಎರಡೂ ನಿಜ. ಮೊದಲನೆಯದನ್ನು ಮಾತ್ರ ಕೇಳಿ ಬೆಳೆದ ನಾವು, ಎರಡನೆಯದನ್ನು ಕೇಳಿದಾಗ ಒಳಗೊಳಗೇ ತಕರಾರು ಮಾಡಿದೆವು. ಆಗಿನ ಕಾಲ ಹಾಗಿತ್ತು, ಎಷ್ಟೋ ಹುಡುಗರಿಗೆ ಅದರಿಂದ ಏಳಿಗೆಯಾಯಿತು ಎಂದೆಲ್ಲ ಸಮಜಾಯಿಷಿ ಹುಡುಕಿದೆವು. ಆಮೇಲೆ ಅನಿಸಿತು: ಇನ್ನೊಬ್ಬರ ತಾಯಿಯ ಅಳುವಿಗೆ ಸಮಜಾಯಿಷಿ ಹುಡುಕುವವರು ತಮ್ಮ ತಾಯಿಯ ಅಳುವನ್ನು ಯಾರ ಮುಂದೆ ಹೇಳಿಕೊಂಡಾರು?

ಹೇಳಿಕೊಳ್ಳಬೇಕಾದ ಅಳು ಈಚೆಗೂ ಇದೆ. 1992ರಲ್ಲಿ ಅದೇ ಸೇತುವೆಯ ಮೇಲೆ ವಿಶೆಗ್ರಾದಿನ ಮುಸ್ಲಿಮರನ್ನು ಕೊಂದು ನದಿಗೆಸೆದರು. ಒಂದೇ ಸೇತುವೆ ಎರಡು ಸಮುದಾಯದ ಮಕ್ಕಳಿಗೆ ಎರಡು ಬಗೆಯ ಗಾಯ. ಎರಡೂ ಗಾಯದ ಹೆಸರು ಹೇಳಿ ಒಂದೇ ತರಗತಿಯಲ್ಲಿ ಪಾಠ ಮಾಡಬೇಕಾದ ಶಿಕ್ಷಕನ ಸ್ಥಿತಿಯನ್ನು ಯೋಚಿಸಿ. ಒಬ್ಬನೇ ನಿಂತು ಅದನ್ನು ಮಾಡುವುದು ಅಸಾಧ್ಯಕ್ಕೆ ಸಮೀಪ. ನದಿಯಾಚೆ ತನ್ನಂತೆಯೇ ಒಬ್ಬ ತನ್ನವರ ಸಿಟ್ಟನ್ನು ಎದುರಿಸಿ ಇದೇ ಪಾಠ ಮಾಡುತ್ತಿದ್ದಾನೆ ಎಂದು ತಿಳಿದರೆ ಮಾತ್ರ ಬಾಯಿ ತೆರೆಯುವ ಧೈರ್ಯ ಬರುತ್ತದೆ. ಪ್ರಾದೇಶಿಕ ಬಳಗದ ನಿಜವಾದ ಉಪಯೋಗ ಇಲ್ಲಿದೆ. ಅಚ್ಚುಕಟ್ಟಾದ ಪಾಠಯೋಜನೆಯನ್ನು ಯಾವ ಇಲಾಖೆಯೂ ಕಳುಹಿಸಬಲ್ಲದು. ಧೈರ್ಯ ಇನ್ನೊಬ್ಬ ಶಿಕ್ಷಕನಿಂದಲೇ ಬರಬೇಕು.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಏಳುತ್ತದೆ. ಎಲ್ಲ ಕಡೆಯವರ ಮಾತನ್ನೂ ಪಕ್ಕಪಕ್ಕದಲ್ಲಿ ಇಡುತ್ತ ಹೋದರೆ ಸತ್ಯದ ಗತಿಯೇನು? ಕೊಂದವನ ಮಾತಿಗೂ ಸತ್ತವನ ಮಾತಿಗೂ ಸಮನಾದ ತೂಕವೇ? 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಲ್ಲಲಾಯಿತು. ಅದು ಜನಾಂಗಹತ್ಯೆಯೆಂದು ಯುಗೊಸ್ಲಾವಿಯಾದ ಅಪರಾಧಗಳ ನ್ಯಾಯಮಂಡಳಿಯೂ, 2007ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯವೂ ಹೇಳಿವೆ. 2024ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಜುಲೈ 11ನ್ನು ಅದರ ಸ್ಮರಣೆಯ ದಿನವೆಂದು ಗೊತ್ತುಪಡಿಸಿತು. ಆದರೆ 2017ರಲ್ಲಿ ಬೋಸ್ನಿಯಾದ ಸರ್ಬ್ ಘಟಕದ ಅಂದಿನ ಅಧ್ಯಕ್ಷರು, ಆ ಜನಾಂಗಹತ್ಯೆಯನ್ನು ಹೇಳುವ ಪಠ್ಯಗಳಿಗೆ ತಮ್ಮ ಶಾಲೆಗಳಲ್ಲಿ ಜಾಗವಿಲ್ಲವೆಂದಿದ್ದರು. ಹಾಗಾದರೆ 'ನಡೆಯಿತು' ಎಂಬುದಕ್ಕೆ ಅರ್ಧ ಪುಟ, 'ನಡೆಯಲಿಲ್ಲ' ಎಂಬುದಕ್ಕೆ ಅರ್ಧ ಪುಟ ಕೊಡಬೇಕೇ?

ಖಂಡಿತ ಬೇಡ. ನೋವುಗಳು ಹಲವಿರಬಹುದು, ನೆನಪುಗಳು ಬೇರೆ ಬೇರೆಯಾಗಿರಬಹುದು. ಹೆಣಗಳ ಲೆಕ್ಕ ಮಾತ್ರ ಬೇರೆ ಬೇರೆ ಇರಲಾಗದು. ಕೂಡಿ ಕಲಿಯುವುದೆಂದರೆ ಸುಳ್ಳಿನೊಂದಿಗೆ ರಾಜಿಯಲ್ಲ. ನಡೆದದ್ದನ್ನು ನಡೆದದ್ದೆಂದು ಒಪ್ಪಿದ ಮೇಲೆಯೇ, ಅದು ಯಾರಿಗೆ ಹೇಗೆ ನೆನಪಿದೆ ಎಂಬ ಮಾತುಕತೆ ಶುರುವಾಗುವುದು. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೋಗುವ ಬಳಗ ಬರೀ ಶಿಷ್ಟಾಚಾರದ ಕೂಟವಾಗುತ್ತದೆ. ಮೊದಲನೆಯದರಲ್ಲೇ ನಿಂತು ಇನ್ನೊಬ್ಬನ ನೆನಪನ್ನು ಕೇಳಲೊಲ್ಲದವರು ನ್ಯಾಯಾಲಯವನ್ನು ಕಟ್ಟಿಯಾರು, ಶಾಲೆಯನ್ನು ಕಟ್ಟಲಾರರು.

ಈ ಕೆಲಸಕ್ಕೆ ಬೆಲೆಯೂ ತೆರಬೇಕಾಗುತ್ತದೆ. 1922ರಲ್ಲಿ ಸ್ಮಿರ್ನಾ ಬಂದರಿನಲ್ಲಿ ಗ್ರೀಕರು ಪಟ್ಟ ಪಾಡನ್ನು ತೀರ ಮೆದುವಾದ ಮಾತಿನಲ್ಲಿ ಹೇಳಿತೆಂಬ ಆಕ್ಷೇಪಕ್ಕೆ ಗುರಿಯಾದ ಗ್ರೀಸ್‌ನ ಆರನೇ ತರಗತಿಯ ಪಠ್ಯಪುಸ್ತಕವನ್ನು 2007ರಲ್ಲಿ ಹಿಂತೆಗೆಯಲಾಯಿತು. ಗ್ರೀಕರ ಸಿಟ್ಟನ್ನು ಬರೀ ಹಟವೆಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ನೆರೆಯವನನ್ನು ನೋಯಿಸಬಾರದೆಂದು ತನ್ನವರ ನೋವನ್ನು ಒರೆಸಿಹಾಕಿದರೂ ಅದು ಸತ್ಯವಾಗುವುದಿಲ್ಲ. ಎಲ್ಲಿ ಎಷ್ಟು ಹೇಳಬೇಕೆಂಬ ಹದ ಒಬ್ಬರೇ ಕೂತು ಬರೆದರೆ ಸಿಗುವಂಥದಲ್ಲ. ಗೋಡೆಯ ಎರಡೂ ಬದಿಯವರು 'ಇದು ಸಾಲದು', 'ಇದು ಹೆಚ್ಚಾಯಿತು' ಎಂದು ಮುಖಾಮುಖಿ ಹೇಳಿಕೊಂಡಾಗಲೇ ಅದು ಸಿಗಬೇಕು.

ಹಾಗೆ ಹೇಳಿಕೊಳ್ಳಲು ಒಂದು ಜಾಗವಾದರೂ ಬೇಕಲ್ಲ? ಸೈಪ್ರಸ್ ದ್ವೀಪದ ಶಿಕ್ಷಕರು ಅದನ್ನು ಹುಡುಕಿಕೊಂಡರು. 1974ರಿಂದ ಆ ದ್ವೀಪ ಗ್ರೀಕ್, ತುರ್ಕಿ ಭಾಗಗಳಾಗಿ ಒಡೆದಿದೆ. ರಾಜಧಾನಿ ನಿಕೋಸಿಯಾದ ನಡುವೆಯೇ ಗಡಿ. 2003ರ ಏಪ್ರಿಲ್‌ನಲ್ಲಿ ದಾಟುವ ದಾರಿಗಳು ತೆರೆದವು. ಅದೇ ವರ್ಷ ಎರಡೂ ಕಡೆಯ ಶಿಕ್ಷಕರೂ ಸಂಶೋಧಕರೂ ಸೇರಿ ಐತಿಹಾಸಿಕ ಸಂವಾದ ಮತ್ತು ಸಂಶೋಧನೆಯ ಸಂಘವೊಂದನ್ನು ಕಟ್ಟಿದರು. 2011ರಲ್ಲಿ ಅವರು ವಿಶ್ವಸಂಸ್ಥೆಯ ಕಾವಲಿನ ನಡುಪಟ್ಟಿಯಲ್ಲಿ, ಯಾರಿಗೂ ಸೇರದ ಆ ಜಾಗದ ಹಳೆಯ ಕಟ್ಟಡವೊಂದನ್ನು ದುರಸ್ತಿ ಮಾಡಿ 'ಸಹಕಾರದ ಮನೆ' ತೆರೆದರು. ಅಲ್ಲಿಗೆ ಬರಬೇಕಾದರೆ ಇಬ್ಬರೂ ತಮ್ಮ ತಮ್ಮ ಕಡೆಯಿಂದ ನಾಲ್ಕು ಹೆಜ್ಜೆ ಹೊರಗೆ ಬರಬೇಕು. ಅದರಿಂದ ದ್ವೀಪವೇನೂ ಒಂದಾಗಲಿಲ್ಲ. ಆದರೆ ಅಲ್ಲಿ ಕೂತು ಪಾಠ ತಯಾರಿಸಿದ ಶಿಕ್ಷಕಿ ಮರುದಿನ ತರಗತಿಯಲ್ಲಿ 'ಅವರು' ಎನ್ನುವಾಗ, ಅವಳ ಕಣ್ಣ ಮುಂದೆ ಹೆಸರು ಗೊತ್ತಿರುವ ಒಂದು ಮುಖ ಇರುತ್ತದೆ. ಅಷ್ಟರಿಂದಲೇ ಅವಳ ದನಿಯಲ್ಲಿ ಏನೋ ಬದಲಾಗುತ್ತದೆ. ಮಕ್ಕಳು ಆ ದನಿಯನ್ನು ಬಹು ಬೇಗ ಗುರುತಿಸಬಲ್ಲರು.

ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಶಿಕ್ಷಕ ಯಾರಿಗೆ ಸೇರಿದವನು? ಸರಕಾರದ ಋಣ, ಜನಾಂಗದ ಋಣ ಅವನಿಗಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ತರಗತಿಯ ಮಗುವಿನ ಋಣ ಅವೆರಡಕ್ಕಿಂತ ಹಿರಿದು. ನಾಳೆ ಆ ಮಗು ಗೋಡೆಯಾಚೆಯ ಮಗುವಿನೊಂದಿಗೆ ಅದೇ ನೆಲದಲ್ಲಿ ಬದುಕಬೇಕು. ಅದಕ್ಕೆ ಬೇಕಾದ ಅರ್ಧ ಪಾಠ ಗೋಡೆಯಾಚೆಯ ಶಿಕ್ಷಕನ ಬಳಿಯಿದೆ. ಅದನ್ನು ಕೇಳಿ ತರದ ಶಿಕ್ಷಕ ತನ್ನ ಮಕ್ಕಳಿಗೆ ಅರ್ಧ ಪಾಠವನ್ನೇ ಪೂರ್ತಿಯೆಂದು ಹೇಳಿದಂತಾಗುತ್ತದೆ. ಯುರೋಪಿನ ದೊಡ್ಡ ಬಳಗಗಳು ಬೆಳೆಯಲಿ, ಹಣ ಬರಲಿ, ಕಂಪ್ಯೂಟರುಗಳು ಬರಲಿ. ಅವು ಮೊಗಸಾಲೆಯಾಚೆಯ ಕೋಣೆಯ ಬಾಗಿಲನ್ನು ತಟ್ಟಲು ಶಿಕ್ಷಕನಿಗೆ ಬಲ ಕೊಟ್ಟರೆ ಸಾರ್ಥಕ.

ಬಾನ್ಯುವೆಲೋಸ್‌ನ ಮಕ್ಕಳು ತಾವು ಕಾಣದ ಕಡಲನ್ನು ಬರೆದು, ತಾವು ಕಾಣದ ಮಕ್ಕಳಿಗೆ ಕಳುಹಿಸಿದರು. ಅವರ ಮೇಷ್ಟ್ರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಬಿಡಲಿಲ್ಲ. ಆದರೆ ಆ ಕಿರುಪುಸ್ತಕ ಉಳಿದುಬಂದಿದೆ. ನಾವು ಹುಟ್ಟಿ ಬೆಳೆದ ಜಮಾತು ನಮಗೆ ದೊರೆತದ್ದು, ನಾವು ಆರಿಸಿಕೊಂಡದ್ದಲ್ಲ. ಹಮ್‌ಜಮಾತನ್ನು ಮಾತ್ರ ಆರಿಸಿಕೊಳ್ಳಬಹುದು. ನಮ್ಮ ಪಕ್ಕದ ಬೆಂಚಿನಲ್ಲಿ ಇನ್ನೂ ಯಾರಿಗೆ ಜಾಗವಿದೆ ಎಂದು ಓದುಗರೂ ಒಮ್ಮೆ ನೋಡಿಕೊಳ್ಳಬೇಕೆಂದು ನಮ್ಮ ವಿನಂತಿ.